ನೋಡುಗರ ವಿಳಾಸ ಯಾರ ಬಳಿ?

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮೊದಲು ಹೋಗುವುದು ಕರೆಂಟು. ಅದು ಬರುವುದು ತಡವಾದರೆ ಮೊಬೈಲ್ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಕೊಪ್ಪ ತಾಲ್ಲೂಕಿನ ಮೇಗುಂದ ಹೋಬಳಿಯ ಒಳಹಳ್ಳಿಗಳಲ್ಲಿ ಇಂಥ ದಿನ ಹತ್ತು ನಿಮಿಷದ ವಿಡಿಯೊ ಒಂದನ್ನು ಯೂಟ್ಯೂಬಿಗೆ ಏರಿಸಬೇಕೆಂದರೆ ಅದು ಸಣ್ಣ ಕೆಲಸವಲ್ಲ. ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಹತ್ತಬೇಕು, ಇಲ್ಲವೆ ಬೈಕು ತೆಗೆದುಕೊಂಡು ಜಯಪುರದ ಪೇಟೆಗೆ ಬರಬೇಕು. ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಮಲೆನಾಡಿನ ಶಾಲಾ ಮಕ್ಕಳು ಪಾಠ ಕೇಳಲು ಕೊಡೆ ಹಿಡಿದು ಗುಡ್ಡ ಹತ್ತಿದ್ದು ಎಲ್ಲರಿಗೂ ನೆನಪಿದೆ. ಅದೇ ಗುಡ್ಡವನ್ನು ಈಗ ವಿಡಿಯೊ ಮಾಡುವವರು ಹತ್ತುತ್ತಾರೆ.

ಹೀಗೆ ಹತ್ತುವವರು ಯಾರು? ಕಳಲೆ ಪಲ್ಯ, ಕೊಟ್ಟೆ ಕಡುಬು ಮಾಡಿ ತೋರಿಸುವ ಗೃಹಿಣಿ. ಅಡಿಕೆಗೆ ಔಷಧಿ ಹೊಡೆಯುವ ಕ್ರಮವನ್ನು ವಿವರಿಸುವ ಕೃಷಿಕ. ಊರಿನ ತಾಳಮದ್ದಲೆಯನ್ನು ಚಿತ್ರೀಕರಿಸುವ ಯುವಕ. ಇವರ ಮೇಲೆ ಸಂಪಾದಕನಿಲ್ಲ, ನಿರ್ಮಾಪಕನಿಲ್ಲ, ಸಂಬಳ ಕೊಡುವ ಧಣಿಯೂ ಇಲ್ಲ. ಬರೆಯುವುದು, ಚಿತ್ರೀಕರಿಸುವುದು, ಎಡಿಟಿಂಗ್ ಮಾಡುವುದು, ಕೊನೆಗೆ ಪ್ರಚಾರ ಮಾಡುವುದು, ಎಲ್ಲವೂ ಒಬ್ಬರೇ. ಆದ್ದರಿಂದಲೇ ಇವರನ್ನು ಸ್ವತಂತ್ರರು ಎನ್ನುತ್ತಾರೆ. ಆದರೆ ಈ ಸ್ವಾತಂತ್ರ್ಯದ ಅಳತೆ ಎಷ್ಟು ಎಂಬುದು ವಿಚಾರ ಮಾಡಬೇಕಾದ ವಿಷಯ.

ನೆಂಟರು ಕೇಳುವ ಮೊದಲ ಪ್ರಶ್ನೆ ಒಂದೇ: ‘ತಿಂಗಳಿಗೆ ಎಷ್ಟು ಬರ್ತದೆ ಮಾರಾಯ?’ ಬಹಳ ಮಂದಿಗೆ ಇದಕ್ಕೆ ಹೇಳಲು ಉತ್ತರವಿರುವುದಿಲ್ಲ. ಉತ್ತರವೇಕೆ ಇಲ್ಲವೆಂಬುದನ್ನು ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು.

ನಾಲ್ಕು ಸಾವಿರ ಗಂಟೆಯ ಬಾಗಿಲು

ಯೂಟ್ಯೂಬ್ ಆರಂಭವಾದದ್ದು 2005ರಲ್ಲಿ. ಮರುವರ್ಷವೇ ಗೂಗಲ್ ಅದನ್ನು ಕೊಂಡಿತು. 2007ರಲ್ಲಿ ಜಾಹೀರಾತಿನ ಹಣವನ್ನು ವಿಡಿಯೊ ಮಾಡಿದವರೊಂದಿಗೆ ಹಂಚಿಕೊಳ್ಳುವ ಪದ್ಧತಿ ಬಂತು. ಅದಕ್ಕೆ 2018ರಲ್ಲಿ ಒಂದು ಕಟ್ಟುನಿಟ್ಟಿನ ಷರತ್ತು ಸೇರಿಕೊಂಡಿತು. ಜಾಹೀರಾತಿನ ಪಾಲು ಬೇಕಾದರೆ ಕನಿಷ್ಠ 1,000 ಚಂದಾದಾರರಿರಬೇಕು. ಹನ್ನೆರಡು ತಿಂಗಳಲ್ಲಿ ಜನ ಆ ಚಾನೆಲ್ಲನ್ನು ಒಟ್ಟು 4,000 ಗಂಟೆ ನೋಡಿರಬೇಕು.

ನಾಲ್ಕು ಸಾವಿರ ಗಂಟೆ ಎಂದರೆ 2 ಲಕ್ಷ 40 ಸಾವಿರ ನಿಮಿಷ. ಹತ್ತು ನಿಮಿಷದ ವಿಡಿಯೊವನ್ನು ಪೂರ್ತಿಯಾಗಿ ನೋಡುವವರು 24 ಸಾವಿರ ಮಂದಿ ಬೇಕು. ಎಲ್ಲರೂ ಅರ್ಧಕ್ಕೇ ಎದ್ದುಹೋದರೆ 48 ಸಾವಿರ ಮಂದಿ ಬೇಕು. ಕಿರುವಿಡಿಯೊ ಮಾಡುವವರಿಗೆ ಬೇರೆಯೇ ಅಳತೆ: ತೊಂಬತ್ತು ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 4 ಕೋಟಿ 37 ಲಕ್ಷ. ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ವಿಡಿಯೊ ಮಾಡುವವನಿಗೂ ಕನ್ನಡದವನಿಗೂ ಷರತ್ತು ಒಂದೇ. ಆದರೆ ಅವರ ಅಂಗಳ ದೊಡ್ಡದು, ಇವನ ಅಂಗಳ ಸಣ್ಣದು.

ಈ ಬಾಗಿಲು ದಾಟಿದ ಮೇಲೂ ಹಣ ಕೂಡಲೇ ಕೈಗೆ ಬರುವುದಿಲ್ಲ. ಸಾಮಾನ್ಯ ವಿಡಿಯೊಗಳ ಜಾಹೀರಾತಿನಲ್ಲಿ ನೂರಕ್ಕೆ 55 ಪಾಲು ಮಾಡಿದವರಿಗೆ, 45 ಪಾಲು ಕಂಪೆನಿಗೆ. ಗಳಿಕೆ ಹತ್ತು ಡಾಲರ್ ಮುಟ್ಟಿದಾಗ ವಿಳಾಸದ ಖಾತರಿಗಾಗಿ ಆರು ಅಂಕಿಯ ಗುಟ್ಟಿನ ಸಂಖ್ಯೆಯೊಂದು ಅಂಚೆಯಲ್ಲಿ ಮನೆಗೆ ಬರುತ್ತದೆ. ನೂರು ಡಾಲರ್ ಮುಟ್ಟಿದ ಮೇಲೆ ಹಣ ಬ್ಯಾಂಕಿಗೆ ಬರುತ್ತದೆ. ಜಗತ್ತಿನ ಅತಿ ವೇಗದ ಮಾಧ್ಯಮವೂ ತನ್ನ ಕೆಲಸಗಾರ ಎಲ್ಲಿದ್ದಾನೆಂದು ತಿಳಿಯಲು ಹಳ್ಳಿಯ ಪೋಸ್ಟ್‌ಮ್ಯಾನ್‌ನನ್ನೇ ನಂಬಿಕೊಂಡದ್ದು ಸೋಜಿಗವಲ್ಲವೆ? ಈ ಲಕೋಟೆಯ ಮಾತು ಮುಂದೆ ಮತ್ತೆ ಬರುತ್ತದೆ.

ಗಾಳಿ ಬಂದತ್ತ ತೂರಬೇಕು

ಹಣಕ್ಕಿಂತ ಹೆಚ್ಚಾಗಿ ಇವರನ್ನು ದಣಿಸುವುದು ಬದಲಾಗುತ್ತಲೇ ಇರುವ ನಿಯಮ. ಯಾರ ಮುಂದೆ ಯಾವ ವಿಡಿಯೊ ಇಡಬೇಕೆಂಬುದನ್ನು ಅಲ್ಲಿ ಮನುಷ್ಯರು ಕೂತು ತೀರ್ಮಾನಿಸುವುದಿಲ್ಲ. ‘ಅಲ್ಗಾರಿದಮ್’ ಎಂದು ಕರೆಯಲಾಗುವ ಗಣಕದ ಲೆಕ್ಕಾಚಾರ ತೀರ್ಮಾನಿಸುತ್ತದೆ. ಎಷ್ಟು ಮಂದಿ ಒತ್ತಿದರು ಎಂಬುದಕ್ಕೆ ಮೊದಲು ಬೆಲೆಯಿತ್ತು. ಆಗ ಜನರು ಒತ್ತುವಂತೆ ಮಾಡುವ ಶೀರ್ಷಿಕೆಗಳು ಹುಟ್ಟಿದವು. 2012ರಲ್ಲಿ ಈ ಅಳತೆಗೋಲು ಬದಲಾಗಿ, ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಬೆಲೆ ಬಂತು. ವಿಡಿಯೊಗಳು ಉದ್ದವಾದವು, ಹೇಳಬೇಕಾದ ಮಾತನ್ನು ಕೊನೆಯವರೆಗೂ ತಡೆದು ಹಿಡಿಯುವ ಕಲೆ ಬೆಳೆಯಿತು.

ಆಮೇಲೆ ಗಾಳಿ ತಿರುಗಿತು. 2020ರ ಜೂನ್ 29ರಂದು ಭಾರತ ಸರಕಾರ ಟಿಕ್‌ಟಾಕ್ ಸೇರಿದಂತೆ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಆ ತೀರ್ಮಾನದ ಕಾರಣಗಳು ಏನೇ ಇರಲಿ, ಅದರ ಮೇಲೆ ವರ್ಷಗಟ್ಟಲೆ ದುಡಿದು ನೋಡುಗರನ್ನು ಸಂಪಾದಿಸಿದ್ದ ಸಣ್ಣ ಊರಿನ ಕಲಾವಿದರು ಒಂದೇ ರಾತ್ರಿಯಲ್ಲಿ ಬರಿಗೈಯವರಾದರು. ಅವರ ವಿಡಿಯೊ ಹೋದದ್ದಕ್ಕಿಂತ ಅವರ ನೋಡುಗರು ಹೋದದ್ದು ದೊಡ್ಡ ನಷ್ಟ. ತೆರವಾದ ಜಾಗಕ್ಕೆ ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಹತ್ತು ನಿಮಿಷ ಎಳೆಯಲು ಕಲಿತವರು ಈಗ ಅರವತ್ತು ಸೆಕೆಂಡಿನಲ್ಲಿ ಮುಗಿಸಲು ಕಲಿಯಬೇಕಾಯಿತು. ಅದು ರೂಢಿಯಾಗುವ ಹೊತ್ತಿಗೆ, 2024ರ ಅಕ್ಟೋಬರಿನಲ್ಲಿ, ಶಾರ್ಟ್ಸ್‌ನ ಮಿತಿ ಮೂರು ನಿಮಿಷಕ್ಕೆ ಏರಿತು.

ಮೂರು ನಿಮಿಷ ಎಂದೊಡನೆ ಹಳಬರಿಗೆ ಬೇರೊಂದು ವಸ್ತು ನೆನಪಾಗಬೇಕು. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದೂ ಹೆಚ್ಚುಕಡಿಮೆ ಮೂರು ನಿಮಿಷದ ಹಾಡೇ. ಗಂಟೆಗಟ್ಟಲೆ ರಾಗ ಬೆಳೆಸುತ್ತಿದ್ದ ವಿದ್ವಾಂಸರು ತಟ್ಟೆಗಾಗಿ ಅದನ್ನು ಮೂರು ನಿಮಿಷಕ್ಕೆ ಇಳಿಸಿದರು. ಮುಂದೆ ಕ್ಯಾಸೆಟ್ ಬಂತು. ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನ ಪ್ರಸಂಗ ಅರವತ್ತು ಅಥವಾ ತೊಂಬತ್ತು ನಿಮಿಷದ ಸುರುಳಿಯೊಳಗೆ ಕೂತಿತು. ಕಲೆಯನ್ನು ಹೊತ್ತು ತಿರುಗುವ ವಾಹನವೇ ಕಲೆಯ ಉದ್ದಗಲ ನಿರ್ಧರಿಸುವುದು ಇಂದಿನ ಮಾತಲ್ಲ. ಹಿಂದೆ ಆ ವಾಹನ ಬದಲಾಗಲು ಹತ್ತಾರು ವರ್ಷ ಹಿಡಿಯುತ್ತಿತ್ತು. ಈಗ ಎರಡು ಮೂರು ವರ್ಷ ಸಾಕು.

ಬಾಗಿಲು ಕಾಯುವವರೂ ಹೊಸಬರಲ್ಲ. ಭದ್ರಾವತಿಯ ಆಕಾಶವಾಣಿ 1965ರಲ್ಲಿ ಆರಂಭವಾದ ಮೇಲೆ ಮಲೆನಾಡಿನ ಎಷ್ಟೋ ಹಾಡುಗಾರರು ಅಲ್ಲಿಗೆ ಧ್ವನಿ ಪರೀಕ್ಷೆಗೆ ಹೋದದ್ದುಂಟು. ಪಾಸಾದವರು ಉಂಟು, ಫೇಲಾಗಿ ಸಪ್ಪೆಮುಖ ಹಾಕಿಕೊಂಡು ಬಸ್ಸು ಹತ್ತಿದವರೂ ಉಂಟು. ಆದರೆ ಆ ಬಾಗಿಲಿಗೆ ಒಂದು ವಿಳಾಸವಿತ್ತು, ಅದರ ಹಿಂದೆ ಒಬ್ಬ ಅಧಿಕಾರಿ ಇದ್ದ, ಅವನಿಗೆ ಕಾಗದ ಬರೆಯಬಹುದಿತ್ತು. ಇಂದಿನ ಬಾಗಿಲು ಎಲ್ಲರಿಗೂ ತೆರೆದಿದೆ. ಒಳಗೆ ಹೋದ ಮೇಲೆ ಕತ್ತಲೆ. ಹೋದ ವಾರ ಹತ್ತು ಸಾವಿರ ಮಂದಿ ನೋಡಿದ ಚಾನೆಲ್ಲನ್ನು ಈ ವಾರ ಇನ್ನೂರು ಮಂದಿ ನೋಡಿದರೆ ಕಾರಣ ಹೇಳುವವರಿಲ್ಲ.

ಹಕ್ಕುಸ್ವಾಮ್ಯದ ವಿಚಾರದಲ್ಲಂತೂ ಯಂತ್ರದ ನ್ಯಾಯ ಕೆಲವೊಮ್ಮೆ ವಿಚಿತ್ರವಾಗಿರುತ್ತದೆ. ಇನ್ನೊಬ್ಬರ ಹಾಡು ಅಥವಾ ಚಿತ್ರವನ್ನು ಕದ್ದು ಬಳಸಿದರೆ ಗುರುತಿಸುವ ಗಣಕ ವ್ಯವಸ್ಥೆಯೊಂದು 2007ರಿಂದ ಅಲ್ಲಿದೆ. ಅದರಿಂದ ಎಷ್ಟೋ ಕಳ್ಳತನ ತಪ್ಪಿದೆ, ನಿಜ. ಆದರೆ ಆಸ್ಟ್ರೇಲಿಯಾದ ಸಂಗೀತ ತಂತ್ರಜ್ಞರೊಬ್ಬರು ಗಣಕದಲ್ಲಿ ತಾವೇ ಹುಟ್ಟಿಸಿದ ಹತ್ತು ಗಂಟೆಯ ಬರೀ ‘ಗುಂಯ್’ ಸದ್ದನ್ನು ಏರಿಸಿದ್ದರು. 2018ರ ಹೊತ್ತಿಗೆ ಅದು ತಮ್ಮ ಸ್ವತ್ತೆಂದು ಐದು ಹಕ್ಕೊತ್ತಾಯಗಳು ಬಂದಿದ್ದವು! ಗಣಕದ ಸದ್ದಿಗೇ ಒಡೆಯರು ಹುಟ್ಟುವುದಾದರೆ ಮೇಗುಂದದ ಹಂಚಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದಿಗೂ ಯಾರಾದರೂ ಒಡೆಯರು ಹುಟ್ಟಿಕೊಂಡಾರು.

ಪುಸ್ತಕದ ಗಂಟು ಹೊತ್ತವರು

ಒಬ್ಬಂಟಿಯಾಗಿ ಬರೆದು, ಒಬ್ಬಂಟಿಯಾಗಿ ಮಾರಿದವರು ಕನ್ನಡದಲ್ಲಿ ಕಡಿಮೆಯೇನಲ್ಲ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೊ ಕುಲಕರ್ಣಿಯವರು (1869–1942) ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗೂ ಅವರದೇ ದುಡಿಮೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಕುಳಿತು ಬರೆಯುವುದರ ಜೊತೆಗೆ ಮುದ್ರಣ, ಪ್ರಕಟಣೆಗಳಿಗೂ ಕೈಹಾಕಿದರು. 1930ರ ಸುಮಾರಿಗೆ ಮೂಕಿಚಿತ್ರಗಳನ್ನೂ ತಾವೇ ತೆಗೆದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಕೃತಿಗಳು ಅವರ ಮೈಸೂರಿನ ಮನೆಯದೇ ಹೆಸರು ಹೊತ್ತ ಉದಯರವಿ ಪ್ರಕಾಶನದಿಂದ ಹೊರಬಂದವು. ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ ವಾರಪತ್ರಿಕೆ ಜಾಹೀರಾತನ್ನೇ ಬೇಡವೆಂದು ಓದುಗರು ಕೊಡುವ ಬೆಲೆಯ ಮೇಲೆ ನಿಂತಿತು.

ಇವರ ಪಾಡು ಸುಖದ್ದಾಗಿತ್ತು ಎಂದು ತಿಳಿಯಬಾರದು. ಸಾಲ, ಮಾರಾಟವಾಗದೆ ಉಳಿದ ಪ್ರತಿಗಳು, ಬಾರದ ಚಂದಾ ಹಣ, ಗೆದ್ದಲು, ಎಲ್ಲವೂ ಈ ದಾರಿಯ ಪಾಲಿನವೇ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಗಂಟು ಹೊತ್ತು ಹೋದವರಿಗೆ ಯಾವ ಊರಿನ ಯಾವ ಮನೆಯಲ್ಲಿ ಓದುಗರಿದ್ದಾರೆಂಬುದು ಗೊತ್ತಾಗುತ್ತಿತ್ತು. ಮಾಸಪತ್ರಿಕೆ ನಡೆಸುವವನ ಬಳಿ ಚಂದಾದಾರರ ಪಟ್ಟಿ ಇರುತ್ತಿತ್ತು. ಮುದ್ರಣಾಲಯ ಮುಚ್ಚಿದರೆ ಇನ್ನೊಂದು ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿ ಅದೇ ವಿಳಾಸಕ್ಕೆ ಕಳಿಸಬಹುದಿತ್ತು. ಪತ್ರಿಕೆಯ ನಿಜವಾದ ಆಸ್ತಿ ಅಚ್ಚುಮೊಳೆಯಲ್ಲ, ಆ ವಿಳಾಸದ ಪುಸ್ತಕ.

ಇಂದು ‘ಚಂದಾದಾರ’ ಎಂಬ ಪದ ಉಳಿದಿದೆ, ಅರ್ಥ ಬದಲಾಗಿದೆ. ಹತ್ತು ಸಾವಿರ ಚಂದಾದಾರರಿರುವ ಚಾನೆಲ್ಲಿನವರಿಗೆ ಅವರಲ್ಲಿ ಒಬ್ಬರ ವಿಳಾಸವನ್ನೂ ಕಂಪೆನಿ ಕೊಡುವುದಿಲ್ಲ. ಖಾತೆ ಮುಚ್ಚಿಹೋದರೆ, ಆ್ಯಪ್ ನಿಷೇಧವಾದರೆ, ‘ನಾನು ಈಗ ಇಲ್ಲಿದ್ದೇನೆ’ ಎಂದು ಹೇಳಲೂ ದಾರಿಯಿಲ್ಲ. ಆರು ಅಂಕಿಯ ಲಕೋಟೆಯ ಅರ್ಥ ಇಲ್ಲಿ ತಿಳಿಯಾಗುತ್ತದೆ. ವಿಡಿಯೊ ಮಾಡುವವನ ವಿಳಾಸ ಕಂಪೆನಿಯ ಬಳಿ ಇದೆ, ನೋಡುವವರ ಗುರುತೂ ಕಂಪೆನಿಯ ಬಳಿ ಇದೆ. ಇವರಿಬ್ಬರ ನಡುವೆ ಮಾತ್ರ ವಿಳಾಸದ ಬದಲಾವಣೆ ನಡೆದಿಲ್ಲ.

ಕೊಪ್ಪದ ಬಸ್ಸಿನ ಪಾಠ

ಹಾಗಾದರೆ ವಾಹನವೇ ದುಡಿಯುವವರ ಕೈಯಲ್ಲಿದ್ದರೆ? ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಕೊಪ್ಪದ ಖಾಸಗಿ ಬಸ್ ಸಂಸ್ಥೆಯೊಂದು ನಿಂತಾಗ ಅದರ ಕಾರ್ಮಿಕರೇ ಸಹಕಾರ ಸಂಘ ಕಟ್ಟಿಕೊಂಡು 1991ರಲ್ಲಿ ‘ಸಹಕಾರ ಸಾರಿಗೆ’ಯನ್ನು ಆರಂಭಿಸಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಒಡೆಯರು. ದೊಡ್ಡ ಲಾಭವಿಲ್ಲದ ಮಲೆನಾಡಿನ ಒಳದಾರಿಗಳಲ್ಲಿ ಆ ಬಸ್ಸುಗಳು ಮೂರು ದಶಕಗಳ ಹತ್ತಿರ ಓಡಿದವು. ಪ್ರಯಾಣಿಕ ಯಾರು, ಎಲ್ಲಿ ಹತ್ತುತ್ತಾನೆ, ಯಾವ ಕೈಮರದ ಬಳಿ ಇಳಿಯುತ್ತಾನೆ ಎಂಬುದು ಕಂಡಕ್ಟರಿಗೆ ಗೊತ್ತಿತ್ತು. ಇಡೀ ದೇಶದಲ್ಲಿ ಕಾರ್ಮಿಕರ ಸಹಕಾರಕ್ಕೆ ಮಾದರಿಯೆಂದು ಅದು ಹೆಸರಾಯಿತು.

ಆದರೆ ನಷ್ಟ ಏರುತ್ತ ಹೋಗಿ 2020ರ ಆರಂಭದಲ್ಲಿ ಆ ಬಸ್ಸುಗಳು ನಿಂತವು. ಒಡೆತನವೊಂದಿದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಇದು ಎಚ್ಚರಿಕೆ. ವಾಹನ ನಮ್ಮದಾದರೂ ಅದನ್ನು ಓಡಿಸಲು ಪ್ರಯಾಣಿಕರ ಕಾಸು ಬೇಕು. ಅಷ್ಟಾದರೂ ಇಪ್ಪತ್ತೆಂಟು ವರ್ಷ ಒಂದು ಸೀಮೆಯ ಜನ ತಮ್ಮದೇ ಬಸ್ಸಿನಲ್ಲಿ ಓಡಾಡಿದರು ಎಂಬುದೂ ಅಷ್ಟೇ ನಿಜ. ಸಾಧ್ಯವಿಲ್ಲ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಯೂಟ್ಯೂಬಿನಂಥ ಹೆದ್ದಾರಿಯನ್ನು ಮೇಗುಂದದವರು ಕಟ್ಟಲಾರರು. ಕಟ್ಟಬೇಕಾದ ಅಗತ್ಯವೂ ಇಲ್ಲ. ಹೆದ್ದಾರಿಯನ್ನು ಬಿಟ್ಟು ಬದುಕುವುದೂ ಈಗ ಕಷ್ಟ. ಕಡುಬಿನ ವಿಡಿಯೊವನ್ನು ಮುಂಬಯಿಯ ಕನ್ನಡತಿಯೂ ದುಬೈಯ ಕನ್ನಡಿಗನೂ ನೋಡುವಂತೆ ಮಾಡಿದ್ದು ಅದೇ. ಆದರೆ ಹೆದ್ದಾರಿಯ ಪಕ್ಕದಲ್ಲಿ ತನ್ನದೊಂದು ಕಾಲುದಾರಿ ಇಟ್ಟುಕೊಳ್ಳುವುದು ಜಾಣತನ. ತಾಳಮದ್ದಲೆ ಚಿತ್ರೀಕರಿಸುವವನು ಅದನ್ನು ತನ್ನ ಮನೆಯ ಡಿಸ್ಕಿನಲ್ಲೂ ಉಳಿಸಿಕೊಳ್ಳಬಹುದು. ಬರೆದು ವಿಚಾರಿಸಿದ ನೂರು ಮಂದಿಯ ಹೆಸರು, ವಿಳಾಸವನ್ನು ಅವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬಹುದು. ವರ್ಷಕ್ಕೊಮ್ಮೆ ಊರಿನ ಸಭಾಂಗಣದಲ್ಲಿ ಅವರನ್ನು ಎದುರಿಗೆ ಕಂಡು ಮಾತಾಡಿಸಬಹುದು. ನಾಲ್ಕು ಸಾವಿರ ಗಂಟೆಯ ಲೆಕ್ಕದ ಮುಂದೆ ಇದು ಸಣ್ಣದಾಗಿ ಕಾಣಬಹುದು. ಆದರೆ ನಾಳೆ ನಿಯಮ ಬದಲಾದಾಗ, ಆ್ಯಪ್ ಮುಚ್ಚಿದಾಗ, ಉಳಿಯುವುದು ಆ ಪುಸ್ತಕ ಮಾತ್ರ.

ಮಳೆ ಬಿಟ್ಟ ಮೇಲೆ ಕರೆಂಟು ಬರುತ್ತದೆ, ಟವರಿನ ದೀಪ ಮತ್ತೆ ಹತ್ತುತ್ತದೆ, ಗುಡ್ಡ ಹತ್ತಿದವನ ವಿಡಿಯೊ ಏರುತ್ತದೆ. ಮರುದಿನ ಬೆಳಿಗ್ಗೆ ಅವನು ಮೊದಲು ನೋಡುವುದು ಎಷ್ಟು ಮಂದಿ ನೋಡಿದರು ಎಂಬ ಅಂಕಿಯನ್ನು. ಅದರ ಜೊತೆಗೆ, ಯಾರು ನೋಡಿದರು ಎಂದು ಕೇಳುವ ಅಭ್ಯಾಸವೂ ಬೆಳೆದರೆ, ಗಳಗನಾಥರು ಹೊತ್ತ ಗಂಟಿನ ಒಂದು ಪಾಲು ಅವನ ಹೆಗಲಿಗೂ ಬಂದಂತೆ. ಸ್ವತಂತ್ರ ಎಂಬ ಮಾತಿಗೆ ಆಗ ಸ್ವಲ್ಪ ತೂಕ ಬಂದೀತು.