ಒಂಟಿ ಎತ್ತುಗಳ ಲೆಕ್ಕ

ಚಿತ್ರದುರ್ಗ ತಾಲ್ಲೂಕಿನ ತುರುವನೂರಿನ ಹೆಸರನ್ನುಚ್ಚರಿಸಿದೊಡನೆ, ದನವೆಂಬ ಅರ್ಥವುಳ್ಳ ‘ತುರು’ ಎಂಬ ಹಳಗನ್ನಡದ ಮಾತು ಕಿವಿಗೆ ಬೀಳುತ್ತದೆ. ಇಂತಹ ಬಯಲುಸೀಮೆಯಲ್ಲಿ ಒಂದೊಂದೇ ಎತ್ತುಳ್ಳ ಇಬ್ಬರು ಒಕ್ಕಲಿಗರು ಕೂಡಿ, ಅವನ್ನು ಒಂದೇ ನೊಗಕ್ಕೆ ಕಟ್ಟಿ, ಸರದಿಯಂತೆ ಹೊಲ ಉಳುವುದು ಹಳೆಯ ಪದ್ಧತಿ. ಆದರೆ ಎತ್ತರ, ನಡಿಗೆ, ಬಲಗಳು ಹೊಂದಿದರಷ್ಟೆ ಜೋಡಿ. ಹಾಗಾದರೆ ನೆಲದ ಹದ ಆರುವ ಮುನ್ನ ಅತ್ಯಧಿಕ ಜೋಡಿಗಳನ್ನು ಕಟ್ಟುವುದೆಂತು?

ಕೆಂದ, ಬಿಳಿಯ, ಮಾಸ, ಕರಿಯ ಎಂಬ ನಾಲ್ಕು ಎತ್ತುಗಳಿವೆಯೆಂದು ಭಾವಿಸಿರಿ. ಕೆಂದನಿಗೆ ಬಿಳಿಯನೂ, ಬಿಳಿಯನಿಗೆ ಮಾಸನೂ, ಮಾಸನಿಗೆ ಕರಿಯನೂ ಹೊಂದುತ್ತವೆ. ಅವಸರದಿಂದ ಬಿಳಿಯ-ಮಾಸರನ್ನು ಕಟ್ಟಿದರೆ ಉಳಿದೆರಡು ಒಂಟಿಯಾಗಿ ನಿಲ್ಲುವುವು. ಅದನ್ನು ಬಿಚ್ಚಿ ಕೆಂದ-ಬಿಳಿಯ, ಮಾಸ-ಕರಿಯ ಎಂದು ಕಟ್ಟಿದರೆ ಎರಡು ಜೋಡಿಗಳಾದುವು! ಹೀಗೆ ಒಂದು ಒಂಟಿಯಿಂದ ಹೊರಟು, ಕಟ್ಟದ ಹೊಂದಿಕೆ, ಕಟ್ಟಿದ ಹೊಂದಿಕೆಗಳನ್ನು ಒಂದರ ಮೇಲೊಂದರಂತೆ ದಾಟುತ್ತ ಮತ್ತೊಂದು ಒಂಟಿಯನ್ನು ಸೇರುವ ದಾರಿ ಎಲ್ಲಿಯೂ ಇಲ್ಲದಾಗ ಮಾತ್ರ ಜೋಡಿಗಳು ಪರಮಾವಧಿಗೆ ಮುಟ್ಟಿವೆಯೆಂದು ಫ್ರಾನ್ಸಿನ ಕ್ಲೋದ್ ಬೆರ್ಜ್ 1957ರಲ್ಲಿ ಸಾಧಿಸಿದರು.

ಒಂದೊಂದನ್ನೂ ಪರೀಕ್ಷಿಸೋಣವೆಂದರೆ, 20 ಎತ್ತುಗಳನ್ನು ಎರಡೆರಡಾಗಿ ಹಂಚುವ ರೀತಿಗಳೇ 65 ಕೋಟಿಗೆ ಮಿಗಿಲು! ವಧೂವರರಂತೆ ಎರಡು ಪಂಗಡಗಳಿದ್ದರೆ ದಾರಿ ಹುಡುಕುವುದು ಸುಲಭ. ಎತ್ತುಗಳಲ್ಲಿ ಅಂತಹ ಪಂಗಡಗಳಿಲ್ಲ. ಮೂರೋ ಐದೋ ಎತ್ತುಗಳು ಬಳೆಯಂತೆ ಸುತ್ತಲೂ ಹೊಂದಿಕೊಂಡಿದ್ದರೆ ಹುಡುಕಾಟವು ಅಲ್ಲಿಯೇ ಸುತ್ತಿ ದಿಕ್ಕುಗೆಡುತ್ತದೆ. 1965ರಲ್ಲಿ ಜ್ಯಾಕ್ ಎಡ್ಮಂಡ್ಸ್ ಇದಕ್ಕೊಂದು ಉಪಾಯ ಹೇಳಿದರು: ಇಂತಹ ಬೆಸಸಂಖ್ಯೆಯ ಬಳೆಯನ್ನು ಒಂದೇ ಎತ್ತೆಂದೆಣಿಸಿ ಮುಂದುವರಿಯಿರಿ. ಅದರಲ್ಲಿ ಯಾವುದೊಂದು ಹೊರಗಿನದರೊಡನೆ ಜೋಡಿಯಾದರೂ ಮಿಕ್ಕವು ತಮ್ಮತಮ್ಮಲ್ಲಿಯೇ ಜೋಡಿಯಾಗುವುವು. ಆ ಬಳೆಗೆ ಅವರಿಟ್ಟ ಹೆಸರು ‘ಹೂ’. 1980ರಲ್ಲಿ ಸಿಲ್ವಿಯೊ ಮಿಕಾಲಿ, ವಿಜಯ ವಜೀರಾನಿ ಎಂಬವರು ಇನ್ನೂ ತ್ವರಿತವಾದ ಕ್ರಮವನ್ನು ತೋರಿಸಿದರು.

ಇದು ಬರಿಯ ಲೆಕ್ಕದ ವಿನೋದವೆಂದು ತಿಳಿಯಬೇಡಿರಿ. ಗಂಡನಿಗೆ ಮೂತ್ರಪಿಂಡ ಕೊಡಲು ಹೆಂಡತಿ ಸಿದ್ಧಳಿದ್ದರೂ ರಕ್ತದ ಗುಂಪು ಹೊಂದದಿರಬಹುದು. ಇನ್ನೊಂದು ಮನೆಯಲ್ಲಿಯೂ ಇದೇ ಸಂಕಟ. ಈ ಮನೆಯ ದಾನ ಆ ಮನೆಗೆ, ಆ ಮನೆಯದು ಈ ಮನೆಗೆ ಒಗ್ಗಿದರೆ ಇಬ್ಬರು ರೋಗಿಗಳೂ ಬದುಕಿಯಾರು. ಹತ್ತಿರದ ಸಂಬಂಧಿಕರ ಇಂತಹ ವಿನಿಮಯಕ್ಕೆ ಭಾರತದ ಅಂಗಾಂಗ ಕಸಿ ಕಾನೂನು 2011ರ ತಿದ್ದುಪಡಿಯಿಂದ ಅವಕಾಶವಿತ್ತಿದೆ. ಇಲ್ಲಿ ಒಂದೊಂದು ಮನೆಯೂ ಒಂದೊಂದು ಒಂಟಿ ಎತ್ತಿನಂತೆ. ಎಡ್ಮಂಡ್ಸರ ಲೆಕ್ಕವೇ ಇಲ್ಲಿಯೂ ಸಲ್ಲುತ್ತದೆಂದು ಆಲ್ವಿನ್ ರಾತ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿಕೊಟ್ಟರು.

ಮೊದಲು ಸಿಕ್ಕ ಜೋಡಿಯನ್ನೇ ಗಟ್ಟಿಯೆಂದು ಹಿಡಿದರೆ ಹೊಲದಲ್ಲಿ ಒಂದು ಎತ್ತು ಸುಮ್ಮನೆ ನಿಂತೀತು. ಆಸ್ಪತ್ರೆಯಲ್ಲಾದರೋ ಒಂದು ಮನೆಯ ದೀಪವೇ ಆರೀತು.