ಕಂದು ಕಲೆಯನ್ನು ಎಷ್ಟು ನಂಬಬಹುದು?

ಇಂಟರ್ನೆಟ್ಟಿನಲ್ಲಿ ‘ಹ್ಯೂಮನ್ ಪ್ರೋಟೀನ್ ಅಟ್ಲಾಸ್’ ತೆರೆದು ಇನ್ಸುಲಿನ್ ಎಂದು ಹುಡುಕಿ ನೋಡಿ. ಮೆದುಳು, ಶ್ವಾಸಕೋಶ, ಮೂತ್ರಪಿಂಡ, ಚರ್ಮ ಹೀಗೆ ಮನುಷ್ಯ ದೇಹದ ಒಂದೊಂದೇ ಅಂಗಾಂಶದ ಚಿತ್ರ ಎದುರಿಗೆ ಬರುತ್ತದೆ. ಹೆಚ್ಚಿನವೆಲ್ಲ ತಿಳಿನೀಲಿ. ಮೇದೋಜೀರಕ ಗ್ರಂಥಿಯ ಚಿತ್ರದಲ್ಲಿ ಮಾತ್ರ ನೀಲಿಯ ನಡುವೆ ಅಲ್ಲಲ್ಲಿ ದಟ್ಟ ಕಂದು ಗುಂಪುಗಳು ಕಾಣುತ್ತವೆ. ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳೆಂದು ನಾವು ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿದ್ದ ಕೋಶಗಳ ಗುಂಪು ಇವೇ. ಇನ್ಸುಲಿನ್ ಅಲ್ಲಿದೆ ಎಂದು ಆ ಕಂದು ಬಣ್ಣ ಹೇಳುತ್ತಿದೆ. ಹೇಳಿಸುತ್ತಿರುವುದು ಒಂದು ಪ್ರತಿಕಾಯ.

ಪ್ರತಿಕಾಯ ನಮಗೆ ಹೊಸದಲ್ಲ. ರೋಗಾಣು ದೇಹವನ್ನು ಹೊಕ್ಕಾಗ ಅದನ್ನು ಗುರುತಿಸಿ ಹಿಡಿಯಲು ದೇಹವೇ ತಯಾರಿಸುವ ಪ್ರೋಟೀನ್ ಇದು. ನಿರ್ದಿಷ್ಟವಾದ ಒಂದು ಆಕಾರಕ್ಕೆ ಮಾತ್ರ ಅಂಟಿಕೊಳ್ಳುವ ಇದರ ಗುಣವನ್ನೇ ಪ್ರಯೋಗಾಲಯಗಳು ಹುಡುಕಾಟದ ಸಾಧನವಾಗಿ ಬಳಸಿಕೊಂಡಿವೆ. ಪ್ರೆಗ್ನೆನ್ಸಿ ಕಿಟ್ಟಿನಲ್ಲಿ ಎರಡು ಗೆರೆ ಮೂಡುವುದು, ಕೋವಿಡ್ ಕಾಲದ ರ‍್ಯಾಪಿಡ್ ಟೆಸ್ಟ್ ಪಾಸಿಟಿವ್ ತೋರಿಸಿದ್ದು ಇದರಿಂದಲೇ. ಸ್ತನ ಕ್ಯಾನ್ಸರಿನ ಬಯಾಪ್ಸಿ ವರದಿಯಲ್ಲಿ ಇಆರ್, ಪಿಆರ್, ಹರ್-2 ಎಂದು ಬರೆದಿರುವ ಸಾಲುಗಳ ಹಿಂದೆಯೂ ಪ್ರತಿಕಾಯಗಳಿವೆ. ಯಾವ ಔಷಧ ಕೊಡಬೇಕೆಂದು ವೈದ್ಯರು ನಿರ್ಧರಿಸುವುದು ಆ ಸಾಲುಗಳನ್ನು ನೋಡಿ.

ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಕಣ್ಣಿನ ಕೋಶವಿರಲಿ, ಯಕೃತ್ತಿನ ಕೋಶವಿರಲಿ, ಜೀನ್‌ಗಳು ಅವೇ. ಅವುಗಳಲ್ಲಿ ಯಾವುದು ಎಲ್ಲಿ ಪ್ರೋಟೀನಾಗುತ್ತದೆ ಎಂಬುದರಿಂದ ಕಣ್ಣು ಕಣ್ಣಾಗುತ್ತದೆ, ಯಕೃತ್ತು ಯಕೃತ್ತಾಗುತ್ತದೆ. ಮಾನವ ಜೀನೋಮ್ ಯೋಜನೆ ಮುಗಿದ 2003ರಲ್ಲೇ ಸ್ವೀಡನ್ನಿನ ಮಥಿಯಾಸ್ ಉಲೇನ್ ಮತ್ತು ಸಂಗಡಿಗರು ಈ ‘ಎಲ್ಲಿ’ಯನ್ನು ಬೆನ್ನು ಹತ್ತಿದರು. ಒಂದೊಂದು ಪ್ರೋಟೀನಿಗೂ ಪ್ರತಿಕಾಯ ತಯಾರಿಸಿ, ದೇಹದಲ್ಲೆಲ್ಲ ಹುಡುಕಿ, ಸಿಕ್ಕಿದ ಚಿತ್ರಗಳನ್ನೆಲ್ಲ ಜಗತ್ತಿಗೆ ಉಚಿತವಾಗಿ ತೆರೆದಿಡುವುದು ಅವರ ಯೋಜನೆ. ಹಣ ಕೊಟ್ಟದ್ದು ಕ್ನುಟ್ ಮತ್ತು ಆಲಿಸ್ ವಾಲೆನ್‌ಬರಿ ಪ್ರತಿಷ್ಠಾನ. ಸ್ಟಾಕ್‌ಹೋಮ್ ಮತ್ತು ಉಪ್ಸಾಲಾ ನಗರಗಳ ಪ್ರಯೋಗಾಲಯಗಳು ಕೆಲಸ ಹಂಚಿಕೊಂಡವು. 2005ರಲ್ಲಿ ಅಟ್ಲಾಸ್‌ನ ಮೊದಲ ಆವೃತ್ತಿ ಬಂತು. ಅಂಗಾಂಶಗಳ ಪೂರ್ಣ ನಕ್ಷೆ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರ ಕೆಲಸದ ಕ್ರಮ ನೋಡಿದರೆ ಆ ತಾಳ್ಮೆಗೆ ತಲೆಬಾಗಬೇಕೆನಿಸುತ್ತದೆ. ಇಡೀ ಪ್ರೋಟೀನನ್ನು ಅವರು ಬಳಸುವುದಿಲ್ಲ. ಬೇರಾವ ಮಾನವ ಪ್ರೋಟೀನನ್ನೂ ಆದಷ್ಟು ಹೋಲದ ಒಂದು ತುಣುಕನ್ನು, ಸಾಮಾನ್ಯವಾಗಿ 50ರಿಂದ 150 ಅಮೈನೊ ಆಮ್ಲಗಳಷ್ಟು ಉದ್ದದ್ದನ್ನು, ಕಂಪ್ಯೂಟರಿನಲ್ಲಿ ಆರಿಸುತ್ತಾರೆ. ಆ ತುಣುಕನ್ನು ಇ-ಕೋಲಿ ಬ್ಯಾಕ್ಟೀರಿಯಾದಿಂದ ತಯಾರಿಸಿ ಮೊಲಕ್ಕೆ ಚುಚ್ಚುತ್ತಾರೆ. ಮೊಲದ ರಕ್ತದಲ್ಲಿ ಹುಟ್ಟುವ ನಾನಾ ಪ್ರತಿಕಾಯಗಳನ್ನು ಅದೇ ತುಣುಕು ಹಚ್ಚಿದ ಕೊಳವೆಯಲ್ಲಿ ಹಾಯಿಸಿ, ಅಂಟಿಕೊಂಡವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಆಮೇಲೆ 384 ಬೇರೆ ಬೇರೆ ತುಣುಕುಗಳನ್ನು ಚುಕ್ಕಿಗಳಾಗಿ ಇಟ್ಟ ಗಾಜಿನ ಮೇಲೆ ಪರೀಕ್ಷೆ ನಡೆಯುತ್ತದೆ. ತನ್ನದಲ್ಲದ ಚುಕ್ಕಿಗೆ ಅಂಟಿದ ಪ್ರತಿಕಾಯ ಅಲ್ಲಿಗೇ ಹೊರಗೆ. ಈ ಇಡೀ ನಕ್ಷೆಯ ಮೇಲೆ ಮೊಲಗಳ ದೊಡ್ಡ ಋಣವಿದೆ, ಅದನ್ನು ಹೇಳದೆ ಮುಂದಕ್ಕೆ ಹೋಗಲಾರೆ.

ಇನ್ನು ಅಂಗಾಂಶಗಳು. ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿಟ್ಟ ಮಾದರಿಗಳಿಂದ ಒಂದು ಮಿಲಿಮೀಟರ್ ಅಗಲದ ಉರುಳೆಗಳನ್ನು ಕೊರೆದು ತೆಗೆದು, ಚೆನ್ನೆಮಣೆಯ ಗುಳಿಗಳಿಗೆ ಕಾಳು ತುಂಬಿದಂತೆ ಇನ್ನೊಂದು ಮೇಣದ ಹಲಗೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಆ ಹಲಗೆಯಿಂದ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ತೆಳ್ಳಗಿನ ಪದರ ಸೀಳಿ ಸ್ಲೈಡಿಗೆ ಹಚ್ಚುತ್ತಾರೆ. ಮೊದಲು ಮೊಲದ ಪ್ರತಿಕಾಯ ಹಾಕಬೇಕು. ಅದನ್ನು ಹಿಡಿಯುವ, ಕಿಣ್ವ ಹೊತ್ತ ಇನ್ನೊಂದು ಪ್ರತಿಕಾಯ ಮೇಲಿಂದ ಬರುತ್ತದೆ. ಕೊನೆಗೆ ಡಿಎಬಿ ಎಂಬ ರಾಸಾಯನಿಕ ಸುರಿದರೆ, ಕಿಣ್ವ ಇದ್ದಲ್ಲೆಲ್ಲ ಅದು ಕಂದಾಗಿ ಕೂರುತ್ತದೆ. ಮಿಕ್ಕ ಕೋಶಗಳು ಕಾಣಲೆಂದು ಹೆಮಟಾಕ್ಸಿಲಿನ್ನಿನ ನೀಲಿ. 44 ಬಗೆಯ ಆರೋಗ್ಯವಂತ ಅಂಗಾಂಶ, 20 ಬಗೆಯ ಕ್ಯಾನ್ಸರ್. ಒಂದೇ ಒಂದು ಪ್ರತಿಕಾಯಕ್ಕೆ 576 ಚಿತ್ರಗಳು.

ಈ ಚಿತ್ರಗಳನ್ನು ಯಾರಾದರೂ ನೋಡಿ ಓದಬೇಕಲ್ಲ? ಸ್ವೀಡನ್ನಿನಲ್ಲಿ ಬಣ್ಣ ಹಚ್ಚಿದ ಸ್ಲೈಡುಗಳ ಚಿತ್ರಗಳನ್ನು ವರ್ಷಗಟ್ಟಲೆ ಕೂತು ಓದಿದ್ದು ಮುಂಬೈನ ಪೆಥಾಲಜಿಸ್ಟ್‌ಗಳ ತಂಡ. ಬಣ್ಣ ಗಾಢವೋ ತೆಳುವೋ, ಎಷ್ಟು ಪಾಲು ಕೋಶಗಳಲ್ಲಿದೆ, ಕೋಶಕೇಂದ್ರದಲ್ಲೋ ಹೊರಪೊರೆಯಲ್ಲೋ ಎಂದು ಒಂದೊಂದಕ್ಕೂ ದಾಖಲೆ ಬರೆಯುವ ಕೆಲಸ. ಪಳಗಿದ ಕಣ್ಣುಗಳ ಈ ದುಡಿಮೆ ಸುದ್ದಿಯಾಗಲಿಲ್ಲ. ಅದಿಲ್ಲದಿದ್ದರೆ ಅಟ್ಲಾಸ್ ಬಣ್ಣಬಣ್ಣದ ಆಲ್ಬಮ್ ಆಗಿ ಉಳಿಯುತ್ತಿತ್ತು.

ಇಷ್ಟಾದ ಮೇಲೂ ನಿಜವಾದ ಕಷ್ಟ ಬಾಕಿ ಇದೆ. ಪ್ರತಿಕಾಯ ಗುರುತಿಸುವುದು ಇಡೀ ಪ್ರೋಟೀನನ್ನಲ್ಲ, ಅದರ ಮೈಮೇಲಿನ ಕೆಲವೇ ಅಮೈನೊ ಆಮ್ಲಗಳ ಒಂದು ಆಕಾರವನ್ನು. ಅಂಥದೇ ಆಕಾರ ಸಂಬಂಧವೇ ಇಲ್ಲದ ಇನ್ನೊಂದು ಪ್ರೋಟೀನಿನಲ್ಲಿದ್ದರೆ ಅಲ್ಲಿಗೂ ಅಂಟುತ್ತದೆ. ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶದಲ್ಲಿ ಪ್ರೋಟೀನಿನ ಆಕಾರವೇ ಬದಲಾಗಿರುತ್ತದೆ. ಹಾಗಾಗಿ ಒಂದು ಬಗೆಯ ಪರೀಕ್ಷೆಯಲ್ಲಿ ಸರಿಯಾಗಿ ನಡೆದದ್ದು ಇನ್ನೊಂದರಲ್ಲಿ ಎಡವಬಹುದು. ತಪ್ಪಾಗಿ ಅಂಟಿದರೂ ಮೂಡುವ ಬಣ್ಣ ಅದೇ ಕಂದು. ನೋಡುವವರಿಗೆ ಸುಳ್ಳೂ ನಿಜದಷ್ಟೇ ಚೆಂದ ಕಾಣುತ್ತದೆ.

ಈಸ್ಟ್ರೊಜನ್ ರಿಸೆಪ್ಟರ್ ಬೀಟಾದ ಕಥೆಯನ್ನು ಇಲ್ಲಿ ಹೇಳಲೇಬೇಕು. ಬಯಾಪ್ಸಿ ವರದಿಯ ಇಆರ್ ಎಂದರೆ ಈಸ್ಟ್ರೊಜನ್ ರಿಸೆಪ್ಟರ್ ಆಲ್ಫಾ. ಅದಕ್ಕೊಂದು ಜೋಡಿಯಿದೆ ಎಂದು 1996ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಪ್ರಕಟಿಸಿದರು. ಸಿಕ್ಕಿದ್ದು ಇಲಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ಇದು ಸ್ತನ ಕ್ಯಾನ್ಸರಿನಲ್ಲೂ ಇದ್ದರೆ ಹೊಸ ಚಿಕಿತ್ಸೆಯ ಬಾಗಿಲು ತೆರೆದೀತು ಎಂಬ ಆಸೆ ಸಹಜವೇ. ಇಪ್ಪತ್ತು ವರ್ಷ ಲೇಖನಗಳ ಮೇಲೆ ಲೇಖನ ಬಂದವು. ಒಬ್ಬರು ಇದೆ ಎಂದರು, ಇನ್ನೊಬ್ಬರು ಇಲ್ಲವೆಂದರು. ಇದ್ದರೆ ಒಳ್ಳೆಯದು ಎಂದು ಕೆಲವರು, ಕೆಟ್ಟದ್ದು ಎಂದು ಮತ್ತೆ ಕೆಲವರು.

2017ರಲ್ಲಿ ಅಟ್ಲಾಸ್‌ನ ಸಂಶೋಧಕರೂ ಸೇರಿದ್ದ ತಂಡವೊಂದು ಪ್ರೋಟೀನನ್ನು ಬಿಟ್ಟು ಪ್ರತಿಕಾಯಗಳನ್ನೇ ಪರೀಕ್ಷೆಗೆ ಕೂರಿಸಿತು. ಬೀಟಾವನ್ನು ತಯಾರಿಸುವ ಕೋಶಗಳು, ತಯಾರಿಸದ ಕೋಶಗಳು ಎರಡನ್ನೂ ಇಟ್ಟುಕೊಂಡು 13 ಪ್ರತಿಕಾಯಗಳನ್ನು ಒರೆಗೆ ಹಚ್ಚಿತು. ಅಂಗಾಂಶಗಳಲ್ಲಿ ಬೀಟಾವನ್ನಷ್ಟೇ ಸರಿಯಾಗಿ ಗುರುತಿಸಿದ್ದು ಒಂದೇ ಒಂದು. ಅದೂ ಸಂಶೋಧಕರು ಅಪರೂಪಕ್ಕೆ ಬಳಸುತ್ತಿದ್ದದ್ದು! ಆ ಒಂದರಿಂದ ಮತ್ತೆ ಹುಡುಕಿದಾಗ ಬೀಟಾ ವೃಷಣದಲ್ಲಿ, ಅಂಡಾಶಯದಲ್ಲಿ, ದುಗ್ಧರಸದ ಕೋಶಗಳಲ್ಲಿ, ಕೆಲವು ಗಡ್ಡೆಗಳಲ್ಲಿ ಸಿಕ್ಕಿತು. ಸ್ತನದಲ್ಲಿ ಸಿಗಲಿಲ್ಲ, ಆರೋಗ್ಯವಂತ ಸ್ತನದಲ್ಲೂ ಇಲ್ಲ, ಕ್ಯಾನ್ಸರ್ ಬಂದದ್ದರಲ್ಲೂ ಇಲ್ಲ. ಹಿಂದಿನ ಇಪ್ಪತ್ತು ವರ್ಷದಲ್ಲಿ ಎಷ್ಟು ವಿದ್ಯಾರ್ಥಿಗಳ ಪಿಎಚ್‌ಡಿ, ಎಷ್ಟು ರೋಗಿಗಳು ಒಪ್ಪಿ ಕೊಟ್ಟ ಅಂಗಾಂಶ ಈ ವಾದಕ್ಕೆ ಸಂದಿತೋ ನೆನೆದರೆ ಸಂಕಟವಾಗುತ್ತದೆ.

ಇದು ಬೀಟಾ ಒಂದರದೇ ಪಾಡಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕೇಂದ್ರವಿರುವ ವೈಕ್ಯಾರೋಸ್ ತಂಡ, ನರರೋಗಗಳಿಗೆ ಸಂಬಂಧಿಸಿದ 65 ಪ್ರೋಟೀನ್‌ಗಳಿಗೆ ಮಾರುಕಟ್ಟೆಯಲ್ಲಿ ಸಿಗುವ 614 ಪ್ರತಿಕಾಯಗಳನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಅವರ ಉಪಾಯ ಸರಳ. ಒಂದು ಕೋಶದಿಂದ ಆ ಪ್ರೋಟೀನಿನ ಜೀನನ್ನೇ ಕತ್ತರಿಸಿ ಹಾಕಬೇಕು. ಆಮೇಲೂ ಪ್ರತಿಕಾಯ ಏನನ್ನೋ ತೋರಿಸಿದರೆ, ಅದು ತೋರಿಸುತ್ತಿರುವುದು ಬೇರೇನನ್ನೋ. ಹೀಗೆ ಸೋತ ಪ್ರತಿಕಾಯಗಳನ್ನು ನೆಚ್ಚಿಕೊಂಡ ಲೇಖನಗಳು ಪ್ರತಿ ಪ್ರೋಟೀನಿಗೆ ಸರಾಸರಿ 12 ಸಿಕ್ಕವು. ಸಮಾಧಾನದ ಸಂಗತಿಯೂ ಇದೆ. ಮಾರಾಟಗಾರ ಕಂಪನಿಗಳು ಈ ಪರೀಕ್ಷೆಯಲ್ಲಿ ತಾವಾಗಿ ಕೈಜೋಡಿಸಿದವು. ಸೋತ ಪ್ರತಿಕಾಯಗಳಲ್ಲಿ ಸುಮಾರು ಶೇ 20ರಷ್ಟನ್ನು ಹಿಂದಕ್ಕೆ ಪಡೆದವು, ಸುಮಾರು ಶೇ 40ರಷ್ಟಕ್ಕೆ ಬಳಕೆಯ ಸೂಚನೆ ತಿದ್ದಿದವು.

ಪ್ರತಿಕಾಯವಿಲ್ಲದೆ ಪ್ರೋಟೀನ್ ಹುಡುಕುವ ದಾರಿಯೂ ಇದೆ, ಅದರಲ್ಲಿ ಬೆಂಗಳೂರಿನ ಹೆಜ್ಜೆಗುರುತು ದೊಡ್ಡದು. ಪ್ರೋಟೀನನ್ನು ಚೂರು ಮಾಡಿ ಚೂರುಗಳ ತೂಕ ಅಳೆದು ಗುರುತಿಸುವುದು ಮಾಸ್ ಸ್ಪೆಕ್ಟ್ರೊಮೆಟ್ರಿ. ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಅಖಿಲೇಶ್ ಪಾಂಡೆ ಅವರ ನೇತೃತ್ವದಲ್ಲಿ ಈ ವಿಧಾನದಿಂದ 30 ಬಗೆಯ ಮಾನವ ಮಾದರಿಗಳನ್ನು ಪರೀಕ್ಷಿಸಿ, 17,294 ಜೀನ್‌ಗಳ ಪ್ರೋಟೀನ್‌ಗಳನ್ನು ಕಂಡು, 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕರಡು ನಕ್ಷೆ ಪ್ರಕಟಿಸಿದರು. ಇಲ್ಲಿ ಒಂದು ಪ್ರೋಟೀನನ್ನು ಇನ್ನೊಂದೆಂದು ತಪ್ಪು ತಿಳಿಯುವ ಗೊಂದಲ ಕಡಿಮೆ. ಆದರೆ ಅಂಗಾಂಶವನ್ನು ಅರೆಯಬೇಕಾಗುತ್ತದೆ. ಪ್ರೋಟೀನ್ ಯಕೃತ್ತಿನಲ್ಲಿದೆ ಎಂದು ತಿಳಿಯುತ್ತದೆ, ಅಲ್ಲಿನ ಯಾವ ಕೋಶದ ಯಾವ ಮೂಲೆಯಲ್ಲಿ ಎಂಬುದು ಅರೆತದಲ್ಲಿ ಕಳೆದುಹೋಗುತ್ತದೆ. ಆ ಮೂಲೆ ತೋರಿಸಲು ಮತ್ತೆ ಪ್ರತಿಕಾಯವೇ ಬೇಕು. ಅಟ್ಲಾಸ್ 2017ರಲ್ಲಿ 12,003 ಪ್ರೋಟೀನ್‌ಗಳ ಠಿಕಾಣಿಯನ್ನು ಕೋಶದೊಳಗೇ ಗುರುತಿಸಿದಾಗ, ಅರ್ಧದಷ್ಟು ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಸಿಕ್ಕವು. ಒಂದೇ ಪ್ರೋಟೀನ್ ಎರಡು ಕಡೆ ಎರಡು ಬೇರೆ ಕೆಲಸ ಮಾಡುತ್ತಿರಬಹುದು ಎಂಬ ಊಹೆಗೆ ಇದರಿಂದ ಬಲ ಬಂತು.

ಅಟ್ಲಾಸ್‌ನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಅದು ಪ್ರತಿ ಫಲಿತಾಂಶಕ್ಕೂ ಕೊಡುವ ವಿಶ್ವಾಸದ ದರ್ಜೆ. ನಾಲ್ಕು ಹಂತಗಳಿವೆ. ಬೇರೆ ವಿಧಾನದಿಂದಲೋ, ಅದೇ ಪ್ರೋಟೀನಿನ ಇನ್ನೊಂದು ಭಾಗವನ್ನು ಹಿಡಿಯುವ ಎರಡನೆಯ ಪ್ರತಿಕಾಯದಿಂದಲೋ ತಾಳೆ ನೋಡಿದ್ದಕ್ಕೆ ಮೇಲಿನ ದರ್ಜೆ. ತಾಳೆಯಾಗದ್ದನ್ನು ಅವರು ಅಳಿಸಿ ಹಾಕುವುದಿಲ್ಲ, ‘ಅನಿಶ್ಚಿತ’ ಎಂಬ ಕೊನೆಯ ದರ್ಜೆಯಲ್ಲಿ ಚಿತ್ರ ಸಮೇತ ಇಟ್ಟಿರುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ಒಂದು ಪುಟ್ಟ ಸೀಸೆ ಪ್ರತಿಕಾಯಕ್ಕೆ ಹತ್ತಾರು ಸಾವಿರ ರೂಪಾಯಿ ತೆರಬೇಕು, ಅದು ಬರಲು ವಾರಗಟ್ಟಲೆ ಕಾಯಬೇಕು. ಆರ್ಡರ್ ಹಾಕುವ ಮೊದಲು ವಿದ್ಯಾರ್ಥಿಯೊಬ್ಬಳು ಅಟ್ಲಾಸ್ ತೆರೆದು, ತನಗೆ ಬೇಕಾದ ಪ್ರೋಟೀನ್ ಯಾವ ಅಂಗಾಂಶದಲ್ಲಿ ಇರಲೇಬೇಕು, ಯಾವುದರಲ್ಲಿ ಇರಕೂಡದು ಎಂದು ಗುರುತು ಹಾಕಿಕೊಳ್ಳಬಹುದು. ಸೀಸೆ ಕೈಗೆ ಬಂದ ದಿನ ಮೊದಲು ಹಚ್ಚಿ ನೋಡಬೇಕಾದದ್ದು ಆ ಎರಡು ಅಂಗಾಂಶಗಳಿಗೆ. ಅವಳ ಸ್ವಂತ ಮಾದರಿಯ ಸರದಿ ಅದಾದ ಮೇಲೆ.