ಮೇವು ಮುಗಿದ ಮೇಲೂ ಅಲ್ಲೇ ಮೇಯುವುದು: ಬೆಕೆಟ್, ಒಂದು ಪುಟ್ಟ ಹಕ್ಕಿ ಮತ್ತು ಮುಂದೆ ಸಾಗದ ಬರಹ

ಇವತ್ತು ಡಬ್ಲಿನ್‌ನಿಂದ ಸ್ವಲ್ಪ ದಕ್ಷಿಣಕ್ಕೆ, ಡನ್ ಲೀರಿ ಅನ್ನೋ ಬಂದರಿಗೆ ಹೋಗೋಣ. ಅಲ್ಲಿ ಸಮುದ್ರದೊಳಗೆ ಚಾಚಿಕೊಂಡಿರುವ ಉದ್ದನೆಯ ಕಲ್ಲುಕಟ್ಟೆಯ ಮೇಲೆ ಸ್ಯಾಮ್ಯುಯೆಲ್ ಬೆಕೆಟ್ ಹೆಸರಿನ ಒಂದು ಫಲಕ ಇದೆ. ಬರಹ ಕೈಕೊಟ್ಟು ಕಂಗಾಲಾಗಿದ್ದ ಲೇಖಕನಿಗೆ ಒಂದು ರಾತ್ರಿ ಬಿರುಗಾಳಿಯ ನಡುವೆ ದಾರಿ ಹೊಳೆದದ್ದು ಇಲ್ಲೇ ಅಂತ ಜನ ನಂಬುತ್ತಾರೆ. ಆದರೆ ಆ ಬಿರುಗಾಳಿ ಇರುವುದು ಅವರ 1958ರ ನಾಟಕದೊಳಗೆ. ನಿಜಜೀವನದಲ್ಲಿ ಅದು ಹೊಳೆದದ್ದು ಫಾಕ್ಸ್‌ರಾಕ್‌ನಲ್ಲಿ, ಅಮ್ಮನ ಮನೆಯ ಕೋಣೆಯಲ್ಲಿ ಎಂದು ಬೆಕೆಟ್ ತಮ್ಮ ಜೀವನಚರಿತ್ರೆಕಾರರಿಗೆ ಹೇಳಿದ್ದಾರೆ. ಕೋಣೆಗಿಂತ ಕಡಲತೀರ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಫಲಕ ಅಲ್ಲಿದೆ!

ಬೆಕೆಟ್ 1927ರಲ್ಲಿ ಟ್ರಿನಿಟಿ ಕಾಲೇಜಿನಿಂದ ಆಧುನಿಕ ಭಾಷೆಗಳಲ್ಲಿ ಚಿನ್ನದ ಪದಕದೊಂದಿಗೆ ಪದವಿ ಪಡೆದವರು. ಪ್ಯಾರಿಸ್‌ಗೆ ಹೋದರು, ಜೇಮ್ಸ್ ಜಾಯ್ಸ್‌ಗೆ ಹತ್ತಿರವಾದರು, ವಾಪಸ್ ಬಂದು ಟ್ರಿನಿಟಿಯಲ್ಲೇ ಪಾಠ ಮಾಡಿದರು. ಸ್ವಲ್ಪ ಕಾಲದಲ್ಲೇ ಆ ಕೆಲಸ ಬಿಟ್ಟರು. 1932ರಲ್ಲಿ ಬರೆದ ಮೊದಲ ಕಾದಂಬರಿಯನ್ನು ಯಾವ ಪ್ರಕಾಶಕರೂ ಮುಟ್ಟಲಿಲ್ಲ; ಅದು ಅಚ್ಚಾಗಿದ್ದು 1992ರಲ್ಲಿ, ಲೇಖಕ ತೀರಿಕೊಂಡ ಮೇಲೆ. 1933ರಲ್ಲಿ ತಂದೆ ಹೋದರು. ಎದೆಬಡಿತ, ರಾತ್ರಿ ಏಕಾಏಕಿ ಬರುವ ಭಯ. ಡಾಕ್ಟರ್ ಗೆಳೆಯನ ಸಲಹೆಯಂತೆ ಲಂಡನ್ನಿಗೆ ಹೋಗಿ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ವಿಲ್‌ಫ್ರೆಡ್ ಬಿಯಾನ್ ಎಂಬ ಮನೋವೈದ್ಯರ ಬಳಿ ಸುಮಾರು ಎರಡು ವರ್ಷ ಚಿಕಿತ್ಸೆ ಪಡೆದರು. ಮುಂದಿನ ಕಾದಂಬರಿ 'ಮರ್ಫಿ' ಹತ್ತಾರು ತಿರಸ್ಕಾರ ಕಂಡು 1938ರಲ್ಲಿ ಹೊರಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಈ ವರ್ಷಗಳಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. ಬರೆಯುತ್ತಲೇ ಇದ್ದರು. ಆದರೆ ಬರೆದದ್ದೆಲ್ಲ ಜಾಯ್ಸ್ ನೆರಳಿನಲ್ಲಿತ್ತು: ಪಾಂಡಿತ್ಯ, ಪದಚಮತ್ಕಾರ, ಉಲ್ಲೇಖಗಳ ರಾಶಿ. ಕಾಲೇಜಿನಲ್ಲಿ ಚಿನ್ನದ ಪದಕ ತಂದುಕೊಟ್ಟ ಗುಣಗಳೇ! ಶ್ರಮ ಅಷ್ಟೇ, ಫಲ ಮಾತ್ರ ಕಮ್ಮಿಯಾಗುತ್ತಾ ಹೋಗುತ್ತೆ.

ಜೀವವಿಜ್ಞಾನಿಗಳಾದ ನಮಗೆ ಇದನ್ನು ಕೇಳಿದ ಕೂಡಲೇ ಹಕ್ಕಿ ನೆನಪಾಗುತ್ತದೆ. ಯಾಕೆ ಅಂತ ಹೇಳ್ತೀವಿ.

ಒಂದು ಹಣ್ಣಿನ ಗಿಡದ ಮೇಲೆ ಹಕ್ಕಿ ಕೂತಿದೆ ಅಂದುಕೊಳ್ಳಿ. ಮೊದಲ ಹಣ್ಣುಗಳು ಸಲೀಸಾಗಿ ಸಿಗುತ್ತವೆ. ಆಮೇಲೆ ಎಲೆ ಸರಿಸಿ ಹುಡುಕಬೇಕು. ಯಾವಾಗ ಬಿಟ್ಟು ಹಾರಬೇಕು? 1976ರಲ್ಲಿ ಎರಿಕ್ ಚಾರ್ನೋವ್ ಇದಕ್ಕೊಂದು ಗಣಿತದ ಉತ್ತರ ಕೊಟ್ಟರು. ಈ ಗಿಡದಲ್ಲಿ ಈಗ ನಿಮಿಷಕ್ಕೆ ಸಿಗುತ್ತಿರುವ ಗಳಿಕೆಯು ಇಡೀ ಪ್ರದೇಶದ ಸರಾಸರಿ ಗಳಿಕೆಯ ಮಟ್ಟಕ್ಕೆ ಇಳಿದಾಗ ಹೊರಡು. ಆ ಸರಾಸರಿಯಲ್ಲಿ ಗಿಡದಿಂದ ಗಿಡಕ್ಕೆ ಹಾರುವ ಸಮಯವೂ ಸೇರಿರುತ್ತದೆ. ಹಾಗಾಗಿ ಮುಂದಿನ ಗಿಡ ದೂರವಿದ್ದಷ್ಟೂ ಈ ಗಿಡದಲ್ಲಿ ಹೆಚ್ಚು ಹೊತ್ತು ಕೆದಕುತ್ತಾ ಕೂರುವುದೇ ಲೆಕ್ಕಕ್ಕೆ ಸರಿ.

ಮರುವರ್ಷವೇ ರಿಚರ್ಡ್ ಕೋವಿ ಇದನ್ನು ಗ್ರೇಟ್ ಟಿಟ್ ಹಕ್ಕಿಗಳ ಮೇಲೆ ಪರೀಕ್ಷೆ ಮಾಡಿದರು. ಐರ್ಲೆಂಡಿನಲ್ಲಿರುವ ಕೇಳುಗರ ಹಿತ್ತಲಿಗೂ ಬರುವ, ಕಪ್ಪು ತಲೆ, ಹಳದಿ ಎದೆಯ ಹಕ್ಕಿ ಅದು. ಕೃತಕ ಮರಗಳಿಗೆ ಮರದಪುಡಿ ತುಂಬಿದ ಬಟ್ಟಲು ಕಟ್ಟಿ, ಒಳಗೆ ಹುಳು ಬಚ್ಚಿಟ್ಟು, ಬಾಯಿಗೆ ಮುಚ್ಚಳ ಹಾಕಿದರು. ಕೆಲವು ಮುಚ್ಚಳ ಸಡಿಲ, ಕೆಲವು ಬಿಗಿ. ಬಿಗಿ ಮುಚ್ಚಳ ಅಂದರೆ ಹೊಸ ಬಟ್ಟಲಿಗೆ ಹೋಗುವ ಖರ್ಚು ಜಾಸ್ತಿ. ಆಗ ಹಕ್ಕಿಗಳು ಇದ್ದ ಬಟ್ಟಲಿನಲ್ಲೇ ಹೆಚ್ಚು ಹೊತ್ತು ಉಳಿದವು.

ಇದಕ್ಕೂ ನೆನಪಿಗೂ, ಬರಹಕ್ಕೂ ಏನು ಸಂಬಂಧ ಅಂತೀರಾ? 2012ರಲ್ಲಿ ಥಾಮಸ್ ಹಿಲ್ಸ್ ಮತ್ತು ಸಂಗಡಿಗರು ಜನರಿಗೆ ಒಂದು ಸರಳ ಕೆಲಸ ಕೊಟ್ಟರು: ಮೂರು ನಿಮಿಷದಲ್ಲಿ ನೆನಪಿಗೆ ಬಂದಷ್ಟು ಪ್ರಾಣಿಗಳ ಹೆಸರು ಹೇಳಿ. ಎಲ್ಲರೂ ಗುಂಪುಗುಂಪಾಗಿಯೇ ಹೇಳುತ್ತಾರೆ. ನಮ್ಮಲ್ಲಾದರೆ ನಾಯಿ, ಬೆಕ್ಕು, ಹಸು, ಎಮ್ಮೆ... ಆಮೇಲೆ ಒಂದು ತಡವರಿಕೆ... ಹುಲಿ, ಚಿರತೆ, ಆನೆ, ಕಾಡೆಮ್ಮೆ. ಆ ತಡವರಿಕೆಯೇ ಮನಸ್ಸು ಗಿಡ ಬಿಟ್ಟು ಗಿಡಕ್ಕೆ ಹಾರುವ ಕ್ಷಣ. ಚಾರ್ನೋವ್ ಸೂತ್ರ ಹೇಳುವ ಹೊತ್ತಿಗೇ ಹಾರಿದವರು ಹೆಚ್ಚು ಹೆಸರು ಹೇಳಿದರು. ಪ್ರಾಣಿಗಳ ಪಟ್ಟಿ ಕಾದಂಬರಿಯಲ್ಲ, ಒಪ್ಪುತ್ತೇವೆ. ಇಲ್ಲಿಂದ ಮುಂದೆ ನಾವು ಹೇಳುವುದು ಹೋಲಿಕೆ ಮಾತ್ರ, ಪುರಾವೆ ಅಲ್ಲ.

ಆದರೂ ಈ ಹೋಲಿಕೆ ನಮಗೆ ಇಷ್ಟ, ಯಾಕಂದ್ರೆ ಇದರಲ್ಲಿ ಸೋಮಾರಿತನದ ಆರೋಪವಿಲ್ಲ. ಹೊಸದಾಗಿ ಪದವಿ ಮುಗಿಸಿದ ಬರಹಗಾರರಿಗೆ 'ಇನ್ನೂ ಶ್ರಮಪಡು' ಅಂತ ಹೇಳುವವರೇ ಎಲ್ಲ. ಮುಚ್ಚಳ ಎಷ್ಟು ಬಿಗಿಯಿದೆ ಅಂತ ಯಾರೂ ಕೇಳಲ್ಲ. ಇಲ್ಲಿ ಮಾಸ್ಟರ್ಸ್, ಪಿಎಚ್‌ಡಿ ಮುಗಿಸಿದ ನಮ್ಮ ಊರಿನ ಹುಡುಗ ಹುಡುಗಿಯರಿಗೆ ಕೆಲಸ ಹುಡುಕಲು ಸ್ಟ್ಯಾಂಪ್ 1ಜಿ ಅಡಿ ಹೆಚ್ಚೆಂದರೆ 24 ತಿಂಗಳು. ಅಷ್ಟರಲ್ಲಿ ಬಾಡಿಗೆಯೂ ಕಟ್ಟಬೇಕು. ಅಂಥವರು ಗೈಡ್ ಮೆಚ್ಚಿದ ಶೈಲಿಯಲ್ಲೇ, ಮೆಚ್ಚಿದ ವಿಷಯದ ಮೇಲೇ ಕೆದಕುತ್ತಾ ಕೂತರೆ ಅದು ಗ್ರೇಟ್ ಟಿಟ್ ಮಾಡಿದ ಲೆಕ್ಕವೇ. ಬೆಕೆಟ್‌ಗೆ ತಂದೆಯ ಆಸ್ತಿಯಿಂದ ವರ್ಷಕ್ಕೆ 200 ಪೌಂಡ್ ಬರುತ್ತಿತ್ತು, ಚಿಕಿತ್ಸೆಯ ಖರ್ಚು ಅಮ್ಮ ಕೊಟ್ಟರು. ಈ ಸಾಲನ್ನು ಬಿಟ್ಟು ಅವರ ಕಥೆ ಹೇಳುವುದು ಮೋಸ.

ಹಾರಿದ್ದು ಹೇಗೆ? ಯುದ್ಧ ಮುಗಿದು 1945ರಲ್ಲಿ ಮನೆಗೆ ಬಂದಾಗ, ಅಮ್ಮನ ಕೋಣೆಯಲ್ಲಿ, ಅವರಿಗೆ ಕಂಡದ್ದು ಇಷ್ಟು: ಜಾಯ್ಸ್ ದಾರಿ ಕೂಡಿಸುವುದು, ಹೆಚ್ಚು ತಿಳಿಯುವುದು, ತನ್ನ ದಾರಿ ಕಳೆಯುವುದು, ತಿಳಿಯದಿರುವುದರಲ್ಲೇ ಇರುವುದು. 1946ರಲ್ಲಿ ಒಂದು ಕಥೆಯನ್ನು ಇಂಗ್ಲಿಷಿನಲ್ಲಿ ಶುರುಮಾಡಿ, ನಡುವೆ ಪುಟಕ್ಕೆ ಅಡ್ಡಗೆರೆ ಎಳೆದು ಫ್ರೆಂಚಿನಲ್ಲಿ ಮುಂದುವರಿಸಿದರು. ಇಂಗ್ಲಿಷಿನಲ್ಲಿ ಕೈ ತಾನಾಗಿಯೇ ಚಮತ್ಕಾರಕ್ಕೆ ಹೋಗುತ್ತಿತ್ತು, ಫ್ರೆಂಚಿನಲ್ಲಿ ಶೈಲಿಯಿಲ್ಲದೆ ಬರೆಯುವುದು ಸುಲಭ ಎಂಬುದು ಅವರ ಕಾರಣ. 'ಗೋಡೋ' ನಾಟಕ ಆ ಭಾಷೆಯಲ್ಲೇ, 1948ರ ಅಕ್ಟೋಬರ್‌ನಿಂದ 1949ರ ಜನವರಿಯೊಳಗೆ ಮುಗಿಯಿತು. ನಾಲ್ಕು ತಿಂಗಳೂ ಇಲ್ಲ!

ಹಾಗಾದರೆ ತಾಯ್ನುಡಿ ಬಿಡಬೇಕೇ? ನಮ್ಮ ಕಡೆಯ ಕಥೆ ಸರಿಯಾಗಿ ತಲೆಕೆಳಗು, ಅದರಲ್ಲೂ ಒಬ್ಬ ಐರಿಷ್ ಕವಿ ಇದ್ದಾರೆ. ಕುವೆಂಪು ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 'ಬಿಗಿನರ್ಸ್ ಮ್ಯೂಸ್' ಕವನಗಳು 1922ರಲ್ಲೇ ಪ್ರಕಟವಾಗಿದ್ದವು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ ಭಾರತಕ್ಕೆ ಬಂದಿದ್ದ ಜೇಮ್ಸ್ ಕಸಿನ್ಸ್ 1924ರಲ್ಲಿ ಮೈಸೂರಿನಲ್ಲಿ ಸಿಕ್ಕಾಗ, ನಿನ್ನ ಭಾಷೆಯಲ್ಲಿ ಬರೆದದ್ದು ಏನಿದೆ ಎಂದು ಕೇಳಿದರು. ಇಪ್ಪತ್ತೂ ತುಂಬದ ಹುಡುಗ ಸಂತೋಷವಾಗಿ ಏನೂ ಹೊರಬರಲಿಲ್ಲ. ಕನ್ನಡದಲ್ಲಿ ಛಂದಸ್ಸಿನ ವೈವಿಧ್ಯ ಇಲ್ಲ ಅನ್ನೋ ಅನುಮಾನ ಬೇರೆ. ಆದರೆ ಅಲ್ಲಿಂದ ಕೈ ಕನ್ನಡಕ್ಕೆ ತಿರುಗಿತು.

ಒಬ್ಬರಿಗೆ ತಾಯ್ನುಡಿ ಖಾಲಿಯಾದ ಗಿಡ, ಇನ್ನೊಬ್ಬರಿಗೆ ಯಾರೂ ಕೈಹಾಕದ ಗಿಡ. ಯಾವ ಗಿಡ ಎಂಬುದನ್ನು ಚಾರ್ನೋವ್ ಸೂತ್ರ ಹೇಳುವುದಿಲ್ಲ. ಯಾವಾಗ ಎಂಬುದರ ಸುಳಿವು ಮಾತ್ರ ಕೊಡುತ್ತದೆ.

ಪ್ರಾಣಿಗಳ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ನೋಡಿ. ಮೂರು ನಿಮಿಷ ಕನ್ನಡದಲ್ಲಿ, ಮಾರನೇ ದಿನ ಮೂರು ನಿಮಿಷ ನೀವಿರುವ ದೇಶದ ಭಾಷೆಯಲ್ಲಿ. ಎಲ್ಲೆಲ್ಲಿ ತಡವರಿಸಿದಿರಿ ಅಂತ ಗುರುತು ಹಾಕಿ ನಮಗೆ ಬರೆದು ಕಳಿಸಿ.